ಒಂದು ದವಡೆ ಹಲ್ಲು, ಎರಡು ಹಳದಿ ಕಾರ್ಡು

ಕಳೆದ ತಿಂಗಳು ಹಲಸೂರಿನ ನಮ್ಮ ಮೈದಾನದಲ್ಲಿ ಅವರಿಗಾಗಿ ಒಂದು ನಿಮಿಷ ಮೌನ ಆಚರಿಸಿದೆವು. ಕ್ಲಬ್ಬಿನ ಕಾರ್ಯದರ್ಶಿ ಸೀಟಿ ಊದಿ ಮೌನವನ್ನು ಆರಂಭಿಸಿದರು. ಗಡಿಯಾರ ನೋಡಿ ಮತ್ತೊಮ್ಮೆ ಊದಿ ಮುಗಿಸಿದರು. ನಡುವೆ ಯಾರದೋ ಮೊಬೈಲು ಎರಡು ಬಾರಿ ಬಡಿದುಕೊಂಡಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ಹಳೆಯ ಗೋಲ್‌ಕೀಪರ್ ಒಬ್ಬರು ಪಿಸುಗುಟ್ಟಿದರು: "ಅವರಾಗಿದ್ರೆ ಇದಕ್ಕೂ ಹತ್ತು ಸೆಕೆಂಡ್ ಇಂಜುರಿ ಟೈಮ್ ಸೇರಿಸ್ತಿದ್ರು."

ಆಮೇಲೆ ಭಾಷಣಗಳಾದವು. ರೆಫ್ರಿಯಾಗಿ ಅವರು ನಡೆಸಿಕೊಟ್ಟ ಫುಟ್‌ಬಾಲ್ ಪಂದ್ಯಗಳನ್ನು ಒಬ್ಬರು ಸ್ಮರಿಸಿದರು, ಅವರ ಶಿಸ್ತನ್ನು ಇನ್ನೊಬ್ಬರು ಕೊಂಡಾಡಿದರು. ನನಗೂ ಐದು ನಿಮಿಷ ಕೊಟ್ಟರು. ವೇದಿಕೆಯ ಮೇಲೆ ನನಗೆ ಸಮಯ ಸಾಲದೆ ಬಂದ ಪ್ರಸಂಗಗಳಿವೆ. ಸಮಯ ಮಿಕ್ಕ ಪ್ರಸಂಗ ಅದೊಂದೇ. ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಆಟದ ಕುರಿತು ಮಾತಾಡುವ ಅರ್ಹತೆ ನನಗಿಲ್ಲ. ನಾನು ಖಚಿತವಾಗಿ ಬಲ್ಲದ್ದು ಅವರ ಕೆಳದವಡೆಯ ಒಂದು ಹಲ್ಲು, ಅದನ್ನು ಕೀಳಿಸಿಕೊಂಡ ಮೇಲಿನ ಎಂಟು ದಿನ, ಮತ್ತು ಆ ಎಂಟು ದಿನಗಳಲ್ಲಿ ನನ್ನಿಂದ ಅವರಿಗಾದ ಒಂದು ಅನ್ಯಾಯ.

ನಮ್ಮ ಬೀದಿ ಅವರನ್ನು 'ರೆಫ್ರಿ' ಎಂದೇ ಕರೆಯುತ್ತಿತ್ತು. ನಾನು ಅಂಕಲ್ ಎನ್ನುತ್ತಿದ್ದೆ. ಅವರು ನನ್ನನ್ನು ಲಾಯರಮ್ಮ ಎನ್ನುತ್ತಿದ್ದರು. ನಾನು ಕಾನೂನು ಓದಿದವಳಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ವಾದವಿದ್ಯೆಯನ್ನು, ಅದನ್ನು ಬಳಸಲು ಬೇರೆ ಜಾಗವಿಲ್ಲದೆ, ಬೀದಿಯ ಸುಧಾರಣೆಗೆ ತಂದವಳು. ಹಸಿ ಕಸ ಒಣ ಕಸದ ವಿಂಗಡಣೆಯಿಂದ ಹಿಡಿದು ಫುಟ್‌ಪಾತಿನ ಮೇಲೇರಿದ ಸ್ಕೂಟರುಗಳವರೆಗೆ ನಾನು ವಾದಿಸದ ವಿಷಯವಿರಲಿಲ್ಲ. ಬೀದಿಯ ಜನ ನನ್ನ ವಾದವನ್ನು ಪೂರ್ತಿ ಕೇಳಿ, ಒಪ್ಪಿ, ಸ್ಕೂಟರನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು.

ಅವರು ವಾದಿಸುತ್ತಿರಲಿಲ್ಲ. ತೀರ್ಪು ಕೊಡುತ್ತಿದ್ದರು. ಮೂವತ್ತು ವರ್ಷ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕೂತು, ಲೇತ್ ಯಂತ್ರದಿಂದ ಬಂದ ಒಂದೊಂದು ಬಿಡಿಭಾಗವನ್ನೂ ಅಳೆದು 'ಪಾಸ್' ಅಥವಾ 'ರಿಜೆಕ್ಟ್' ಎಂದವರು. ಭಾನುವಾರಗಳಲ್ಲಿ ಮೈದಾನಕ್ಕೆ ಬಂದು ಅದೇ ಕೆಲಸವನ್ನು ಮನುಷ್ಯರ ಮೇಲೆ ಮುಂದುವರಿಸಿದವರು. ನಿವೃತ್ತರಾದ ಮೇಲೆ ಅವರಿಗೆ ಭಾನುವಾರ ಸಾಲದೆ ಬಂತು. ಅಂಗಿಯ ಜೇಬಿನಲ್ಲಿ ಒಂದು ಹಳದಿ ಕಾರ್ಡು, ಒಂದು ಕೆಂಪು ಕಾರ್ಡು, ಪುಟ್ಟ ನೋಟುಪುಸ್ತಕ ಮತ್ತು ಬೆರಳುದ್ದದ ಪೆನ್ಸಿಲು ಸದಾ ಇರುತ್ತಿದ್ದವು. ಗೇಟಿಗೆ ಅಡ್ಡ ನಿಲ್ಲಿಸಿದ ಆಟೊದವನಿಗೆ ಹಳದಿ. ಹಾಲಿನ ಪ್ಯಾಕೆಟ್ಟನ್ನು ಗೋಡೆಯಾಚೆಯಿಂದ ಎಸೆದವನಿಗೆ ಹಳದಿ. ಶಿವಾಜಿನಗರದ ಒಂದು ಮದುವೆಯಲ್ಲಿ ಬಿರಿಯಾನಿಯ ಸಾಲಿನೊಳಗೆ ನುಗ್ಗಿದ ವರನ ಸೋದರಮಾವನಿಗೆ ತೋಳೆತ್ತಿ ಹಳದಿ ತೋರಿಸಿದಾಗ, ಆ ಭಾರೀ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿದು "ಸಾರಿ ಸರ್" ಎಂದರಂತೆ.

ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದ ಪ್ರಸಂಗವನ್ನು ನಾನೇ ಕಂಡಿದ್ದೇನೆ. ಸಂಜೆಯ ಹೊತ್ತು, ಜನ ಬಸ್ಸಿನ ಬಾಗಿಲಿಗೆ ಮುಗಿಬಿದ್ದಿದ್ದರು. ಇವರು ಸೀಟಿ ಊದಿ ಎರಡೂ ಕೈ ಚಾಚಿದರು. ಅಷ್ಟು ಜನವೂ ನಿಂತುಬಿಟ್ಟಿತು. ಡ್ರೈವರ್ ಇಂಜಿನ್ನನ್ನೇ ಆರಿಸಿದ. ಟ್ರಾಫಿಕ್ ಪೊಲೀಸರೊಬ್ಬರು ಓಡಿಬಂದರು.

"ಯಾರ್ರೀ ನೀವು? ಯಾವ ಸ್ಟೇಷನ್ನು?"

"ಸ್ಟೇಷನ್ ಇಲ್ಲ ಸಾರ್, ಗ್ರೌಂಡು," ಎಂದು ಹೇಳಿ, ಮೊದಲು ಹೆಂಗಸರನ್ನು ಹತ್ತಿಸಿದರು.

ಕಾರ್ಡುಗಳಿಗೆ ಬೆಲೆ ಇಲ್ಲದ ಜಾಗವೆಂದರೆ ಅವರ ಸ್ವಂತ ಮನೆ. ಒಮ್ಮೆ ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಹಳದಿ ತೋರಿಸಿದ್ದಕ್ಕೆ ಅವರ ಹೆಂಡತಿ, ನಮ್ಮ ಆಂಟಿ, ಅದನ್ನು ಕಸಿದುಕೊಂಡು ಎಣ್ಣೆ ಡಬ್ಬಿಯ ಅಡಿಗೆ ಹಾಸಿಬಿಟ್ಟರು. ಆ ಕಾರ್ಡಿನ ಮೇಲೆ ಗುಂಡನೆಯ ಜಿಡ್ಡಿನ ಕಲೆಯೊಂದು ಖಾಯಂ ಆಗಿ ಉಳಿಯಿತು.

ಇಷ್ಟು ಕಟ್ಟುನಿಟ್ಟಿನ ಮನುಷ್ಯನ ಒಂದೇ ದೌರ್ಬಲ್ಯ ಸಿಗರೇಟು. ಪಂದ್ಯದ ಹಾಫ್ ಟೈಮಿನಲ್ಲಿ ಒಂದು ಎಂಬುದು ಅವರು ಹರೆಯದಲ್ಲಿ ಮಾಡಿಕೊಂಡ ನಿಯಮ. ನಿಯಮವನ್ನು ಅವರು ಮುರಿಯಲಿಲ್ಲ, ಹಾಫ್ ಟೈಮುಗಳನ್ನು ಹೆಚ್ಚಿಸಿಕೊಂಡರು. ಕಾಫಿಗೂ ಸ್ನಾನಕ್ಕೂ ನಡುವೆ ಒಂದು ಹಾಫ್ ಟೈಮ್; ಸ್ನಾನಕ್ಕೂ ತಿಂಡಿಗೂ ನಡುವೆ ಇನ್ನೊಂದು. ಬೀದಿಯ ತಿರುವಿನ ಪೆಟ್ಟಿಗೆ ಅಂಗಡಿಯಲ್ಲಿ ತೆಂಗಿನ ನಾರಿನ ಹಗ್ಗವೊಂದು ತುದಿಯಲ್ಲಿ ಸದಾ ಹೊಗೆಯಾಡುತ್ತ ನೇತಾಡುತ್ತಿತ್ತು. ಅದರಿಂದ ಸಿಗರೇಟು ಹೊತ್ತಿಸಿಕೊಂಡು ಅವರು ಆಕಾಶ ನೋಡುತ್ತ ನಿಲ್ಲುತ್ತಿದ್ದರು. ದಿನಕ್ಕೆ ಹನ್ನೊಂದು ಹಾಫ್ ಟೈಮುಗಳನ್ನು ನಾನು ಎಣಿಸಿದ್ದುಂಟು.

ನಮ್ಮ ಬೀದಿಯನ್ನು ಧೂಮಮುಕ್ತ ಬೀದಿಯೆಂದು ಘೋಷಿಸುವ ನಿರ್ಣಯವನ್ನು ನಾನು ಮಂಡಿಸಿದಾಗ ಸಭೆಯಲ್ಲಿ ಮೊದಲು ಕೈ ಎತ್ತಿ ಒಪ್ಪಿದವರು ಅವರೇ. ಮಾರನೆಯ ಬೆಳಿಗ್ಗೆ ನನ್ನ ಮನೆಯ ಬಾಗಿಲು ತಟ್ಟಿದರು.

"ಲಾಯರಮ್ಮ, ಬೀದಿ ಎಲ್ಲಿಗೆ ಮುಗಿಯುತ್ತೆ?"

"ತಿರುವಿನಲ್ಲಿ, ಅಂಕಲ್."

"ತಿರುವಲ್ಲಿ ಎಲ್ಲಿ? ಗೆರೆ ತೋರ್ಸಮ್ಮ. ಗೆರೆ ಇಲ್ದೆ ಔಟ್ ಹೇಗೆ ಕೊಡ್ತೀಯ?"

ನನ್ನ ನಿರ್ಣಯದಲ್ಲಿ ಪೀಠಿಕೆಯಿತ್ತು, ಐದು ಉದ್ದೇಶಗಳಿದ್ದವು, ಗೆರೆಯಿರಲಿಲ್ಲ. ಮೈದಾನದಿಂದ ಸುಣ್ಣದ ಪುಡಿ ತಂದು ಅವರೇ ಪೆಟ್ಟಿಗೆ ಅಂಗಡಿಯ ಪಕ್ಕ ನೇರವಾದ ಬಿಳಿಯ ಗೆರೆಯೆಳೆದರು. ಆ ದಿನದಿಂದ ಗೆರೆಯ ಆಚೆ ನಿಂತು ಸೇದತೊಡಗಿದರು. ಒಮ್ಮೆ ಅವರ ಚಪ್ಪಲಿಯ ತುದಿ ಗೆರೆಯ ಮೇಲಿತ್ತು. ನಾನು ಗಮನಿಸಿರಲಿಲ್ಲ. ಅವರೇ ಕೆಳಗೆ ನೋಡಿ, ಬೆಚ್ಚಿ, "ಗೆರೆ ಮೇಲಿದ್ರೂ ಒಳಗೇ ಲೆಕ್ಕ," ಎಂದು ಹಿಂದೆ ಸರಿದರು. ಅವರ ವಿರುದ್ಧ ಅವರೇ ಸಾಕ್ಷಿ ಹೇಳುತ್ತಿದ್ದುದರಿಂದ ಅವರೊಡನೆ ವಾದ ಹೂಡುವುದು ದುಸ್ತರವಾಗಿತ್ತು.

ಹಲ್ಲಿನ ಕಥೆ ಆರಂಭವಾದದ್ದು ಬೀದಿಯ ಕ್ಲಬ್ಬು ನಡೆಸುವ ಫುಟ್‌ಬಾಲ್ ಪಂದ್ಯಾವಳಿಯ ಸೆಮಿಫೈನಲ್ಲಿನಲ್ಲಿ. ಆ ವರ್ಷದ ಫೈನಲ್ಲೇ ತಮ್ಮ ಕೊನೆಯ ಪಂದ್ಯ, ಮೊಣಕಾಲು ಇನ್ನು ಒಪ್ಪುವುದಿಲ್ಲ ಎಂದು ಅವರು ಹೇಳಿಬಿಟ್ಟಿದ್ದರು. ಇಡೀ ವರ್ಷ ಆ ಫೈನಲ್ಲಿಗಾಗಿ ಅವರು ತಯಾರಾದ ಬಗೆಯನ್ನು ನೋಡಿದವರು ಮಗಳ ಮದುವೆಯಿದೆಯೆಂದು ಭಾವಿಸುತ್ತಿದ್ದರು. ಕರಿಯ ಅಂಗಿಯನ್ನು ಹೊಸದಾಗಿ ಹೊಲಿಸಿದ್ದರು; ಬೂಟಿಗೆ ಹೊಸ ಅಟ್ಟೆ ಹಾಕಿಸಿದ್ದರು. ಸೆಮಿಫೈನಲ್ಲಿನಲ್ಲಿ ಯಾರೋ ಯಾರನ್ನೋ ಬೀಳಿಸಿದಾಗ ಇವರು ಸೀಟಿಯನ್ನು ಎಷ್ಟು ಕಚ್ಚಿ ಊದಿದರೆಂದರೆ, ಕೆಳಗಿನ ಹುಳುಕು ದವಡೆ ಹಲ್ಲು ಲಟಕ್ಕೆಂದು ಸೀಳಿತು. ಕೆನ್ನೆ ಹಿಡಿದುಕೊಂಡು ನೆಲಕ್ಕೆ ಕುಕ್ಕರಿಸಿದರು. ಬಿದ್ದಿದ್ದ ಆಟಗಾರ ತಾನೇ ಎದ್ದು ಬಂದು ರೆಫ್ರಿಯನ್ನು ಎಬ್ಬಿಸಿದ.

ಮರುದಿನ, ಶನಿವಾರ ಬೆಳಿಗ್ಗೆ, ಕೆನ್ನೆ ಬನ್ನಿನಂತೆ ಊದಿತ್ತು. ಆಂಟಿ ನನ್ನನ್ನು ಕರೆದರು.

"ಕಮ್ಮನಹಳ್ಳಿ ಡೆಂಟಿಸ್ಟ್ ಹತ್ರ ನೀನು ಕರ್ಕೊಂಡು ಹೋಗಮ್ಮ. ನಾನು ಹೋದ್ರೆ ನನ್ನೆದುರಿಗೆ ಧೈರ್ಯ ತೋರಿಸೋಕೆ ಬಾಯೇ ಬಿಡಲ್ಲ ಇವರು. ನಿನ್ನ ಹತ್ರ ಯಾರೂ ಬಾಯಿ ಮುಚ್ಕೊಂಡು ಇರೋಕಾಗಲ್ಲ."

ಇದು ಹೊಗಳಿಕೆಯೋ ಅಲ್ಲವೋ ಎಂದು ಯೋಚಿಸುತ್ತಲೇ ನಾನು ಆಟೊ ಹತ್ತಿದೆ.

ಕ್ಲಿನಿಕ್ಕು ಕಮ್ಮನಹಳ್ಳಿ ಮೇನ್ ರೋಡಿನಲ್ಲಿ ಒಂದು ಕಬಾಬ್ ಅಂಗಡಿಯ ಮೇಲಂತಸ್ತಿನಲ್ಲಿತ್ತು. ವೈದ್ಯೆ ಚಿಕ್ಕ ವಯಸ್ಸಿನವರು, ಶಾಂತ ಸ್ವಭಾವದವರು. ಇಕ್ಕಳ ಬಾಯಿಗೆ ಹೋಗುವ ಮೊದಲು ಇವರು ಕೇಳಿದರು: "ಎಷ್ಟು ನಿಮಿಷದ ಆಟ ಡಾಕ್ಟ್ರೇ? ಎಕ್ಸ್ಟ್ರಾ ಟೈಮ್ ಸೇರಿ ಹೇಳಿ." ಹಲ್ಲು ಹೊರಬಂದ ಮೇಲೆ, ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಒಂದು ಬೇರು ಇನ್ನೊಂದಕ್ಕಿಂತ ಉದ್ದವಾಗಿ, ಕೊಕ್ಕೆಯಂತೆ ಬಾಗಿತ್ತು. ನೋಟುಪುಸ್ತಕ ತೆಗೆದು ಬರೆದು ವೈದ್ಯೆಗೆ ತೋರಿಸಿದರು: 'ರಿಜೆಕ್ಟ್.'

ಅನಂತರ ವೈದ್ಯೆ ಬೆರಳು ಮಡಿಸುತ್ತ ವಿವರಿಸಿದರು. "ಹಲ್ಲು ಕಿತ್ತಿರೋ ಗುಂಡೀಲಿ ರಕ್ತ ಹೆಪ್ಪುಗಟ್ಟುತ್ತೆ ಅಂಕಲ್. ಆ ಹೆಪ್ಪೇ ನಿಮಗೆ ಬ್ಯಾಂಡೇಜು. ಸಿಗರೇಟ್ ಎಳೆದ್ರೆ ಅದು ಕಿತ್ತು ಬರುತ್ತೆ, ಕೆಳಗಿನ ಮೂಳೆ ಬಯಲಾಗುತ್ತೆ. ಆಗ ಬರೋ ನೋವಿನ ಮುಂದೆ ಈ ಹಲ್ಲುನೋವು ಏನೂ ಅಲ್ಲ. ಮತ್ತೆ ಹತ್ತು ಹದಿನೈದು ದಿನ ಬಾಯಿ ತೆಗೆಯೋಕೂ ಆಗಲ್ಲ. ಏಳು ದಿನ ಸಿಗರೇಟ್ ಬೇಡ. ಸ್ಟ್ರಾ ಬೇಡ, ಜೋರಾಗಿ ಉಗುಳೋದು ಬೇಡ, ವಿಷಲ್ ಊದೋದೂ ಬೇಡ."

ಅವರು ಬರೆದರು: 'ಹಾಫ್ ಟೈಮ್?'

ವೈದ್ಯೆ ನನ್ನ ಮುಖ ನೋಡಿದರು. ನಾನು ಅನುವಾದಿಸಿದೆ.

"ಹಾಫ್ ಟೈಮ್ ಇಲ್ಲ," ಎಂದರು ವೈದ್ಯೆ.

ಲೆಕ್ಕ ಸರಳವಾಗಿತ್ತು. ಫೈನಲ್ ಮುಂದಿನ ಭಾನುವಾರ, ಎಂಟನೆಯ ದಿನ. ಏಳು ದಿನ ಹೊಗೆ ಎಳೆಯದಿದ್ದರೆ ಎಂಟನೆಯ ದಿನ ಸೀಟಿ ಊದಬಹುದು. ನಡುವೆ ಹೆಪ್ಪು ಕಿತ್ತರೆ ಕೊನೆಯ ಫೈನಲ್ ಬೇರೆಯವರ ಬಾಯಿಗೆ ಹೋಗುತ್ತದೆ. ಹಿಂದಿರುಗುವ ಆಟೊದಲ್ಲಿ ನಾನು ತಂಬಾಕಿನ ವಿರುದ್ಧ ನನ್ನ ಅತ್ಯುತ್ತಮ ವಾದಗಳನ್ನು ಮಂಡಿಸಿದೆ. ಎದುರಾಳಿಯ ಬಾಯಲ್ಲಿ ಹತ್ತಿಯಿದ್ದ ಆ ಚರ್ಚೆ ನನ್ನ ಜೀವನದ ಅತ್ಯಂತ ಸುಗಮ ಚರ್ಚೆ. ಹಲಸೂರು ಬರುವ ಹೊತ್ತಿಗೆ ಅವರು ನೋಟುಪುಸ್ತಕದ ಒಂದು ಹಾಳೆಯನ್ನು ನನ್ನ ಕೈಗಿಟ್ಟರು. ಹೀಗೆ ಬರೆದಿದ್ದರು:

'ನೀನು ಹೇಳಿದ್ದು ಸಲಹೆ. ಡಾಕ್ಟ್ರು ಹೇಳಿದ್ದೂ ಸಲಹೆ. ಸಲಹೆ ನನಗೆ ಹತ್ತಲ್ಲ. ರೂಲ್ ಬೇಕು. ಒಂದು ವಾರ ನೀನು ರೆಫ್ರಿ. ಎರಡು ಹಳದಿ ಅಂದ್ರೆ ಕೆಂಪು. ಕೆಂಪು ಅಂದ್ರೆ ಮುಂದಿನ ಮ್ಯಾಚ್ ನಂದಲ್ಲ.'

ಹಾಳೆಯ ಹಿಂದೆಯೇ ಎರಡು ಕಾರ್ಡುಗಳೂ ಸೀಟಿಯೂ ನನ್ನ ಮಡಿಲಿಗೆ ಬಂದವು.

ಆ ಕ್ಷಣದಲ್ಲಿ ನನಗಾದ ಹೆಮ್ಮೆಯನ್ನು ಮುಚ್ಚಿಡಲಾರೆ. ಬೀದಿಯ ಪುಢಾರಿಗಳು ಹತ್ತು ಸಭೆಗಳಲ್ಲಿ ಕೊಡದ ಅಧಿಕಾರವನ್ನು ಒಬ್ಬ ಧೂಮಪಾನಿ ಸ್ವಇಚ್ಛೆಯಿಂದ ಕೊಟ್ಟಿದ್ದರು.

ಓದುಗರಿಗೆ ಇಲ್ಲೇ ಹೇಳಿಬಿಡಬೇಕು: ಅವರು ಸಿಗರೇಟು ಬಿಡಲಿಲ್ಲ. ಫೈನಲ್ಲಿನ ಮರುದಿನ ಬೆಳಿಗ್ಗೆ ಸುಣ್ಣದ ಗೆರೆಯ ಆಚೆ ಮತ್ತೆ ನಿಂತಿದ್ದರು. ಹೊರಮಾವಿಗೆ ಮನೆ ಬದಲಾಯಿಸಿದ ಮೇಲೆ ಅಲ್ಲಿಯೂ ಒಂದು ಗೆರೆ ಎಳೆದುಕೊಂಡಿದ್ದರಂತೆ. ಕಳೆದ ತಿಂಗಳು ಅವರ ಹೃದಯ ನಿಂತಿತು. ಅದರಲ್ಲಿ ಸಿಗರೇಟಿನ ಪಾಲೆಷ್ಟು ಎಂದು ಆಂಟಿ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸುಧಾರಕಿಯಾಗಿ ನಾನು ಸೋತ ಕಥೆಯಿದು; ನನ್ನ ಗೆಳೆಯರು ಇದನ್ನು ಬೋಧನೆಗೆ ಬಳಸದಿರಲಿ.

ಮೊದಲ ಎರಡು ದಿನ ನೋವೇ ಕಾವಲಿತ್ತು. ಗಂಜಿ, ತಣ್ಣನೆಯ ಮೊಸರನ್ನ, ಉಪ್ಪುನೀರು. ಮೂರನೆಯ ದಿನ ನೋವು ಇಳಿಯಿತು, ಚಪಲ ಏರಿತು. ನಾನು ಹೋದಾಗ ಜಗಲಿಯ ಮೇಲೆ, ಹೊತ್ತಿಸದ ಸಿಗರೇಟೊಂದನ್ನು ಬೆರಳ ನಡುವೆ ಹಿಡಿದು ಕೂತಿದ್ದರು.

"ಇದು ಫೌಲಾ?" ಎಂದು ಕೇಳಿದರು. ಮಾತು ಇನ್ನೂ ಒಂದು ಕಡೆಯಿಂದಲೇ ಬರುತ್ತಿತ್ತು.

"ಅಂಕಲ್, ಉದ್ದೇಶವನ್ನೂ ಪರಿಗಣಿಸಬೇಕಾಗುತ್ತೆ."

"ಉದ್ದೇಶಕ್ಕೆ ಕಾರ್ಡ್ ಇಲ್ಲಮ್ಮ. ಉದ್ದೇಶಕ್ಕೆ ಕಾರ್ಡ್ ಕೊಡೋಕೆ ಶುರು ಮಾಡಿದ್ರೆ ಗ್ರೌಂಡಲ್ಲಿ ಗೋಲ್‌ಪೋಸ್ಟ್ ಬಿಟ್ರೆ ಯಾರೂ ಉಳಿಯಲ್ಲ."

ಬುಧವಾರ ಸಂಜೆ ಅವರನ್ನು ಪೆಟ್ಟಿಗೆ ಅಂಗಡಿಯ ಬಳಿ ಕಂಡೆ. ಕೈಯಲ್ಲಿ ಸಿಗರೇಟಿರಲಿಲ್ಲ. ಆ ಹೊಗೆಯಾಡುವ ಹಗ್ಗದ ತುದಿಗೆ ಮುಖ ಹಿಡಿದು, ಕಣ್ಣು ಮುಚ್ಚಿ, ದೇವರ ಮಂಗಳಾರತಿ ತೆಗೆದುಕೊಳ್ಳುವವರಂತೆ ಆ ನಾರಿನ ಹೊಗೆಯನ್ನೇ ಒಳಗೆಳೆಯುತ್ತಿದ್ದರು. ನಾನು ಸೀಟಿ ಊದಿದೆ. ಅಂಗಡಿಯವನ ಕೈಯಿಂದ ಬಾಳೆಹಣ್ಣು ಬಿತ್ತು. ಕಾರ್ಡು ತೆಗೆದು ಅವರತ್ತ ಚಾಚಿದೆ.

ಅವರು ಪ್ರತಿಭಟಿಸಲಿಲ್ಲ. ಆದರೆ ನನ್ನ ಕೈ ನೋಡಿ ಅವರ ಮುಖ ಸಿಂಡರಿಸಿತು. "ಇದೇನಮ್ಮ, ವಿಸಿಟಿಂಗ್ ಕಾರ್ಡ್ ಕೊಟ್ಟ ಹಾಗೆ? ತೋಳು ನೆಟ್ಟಗೆ ಮೇಲೆ ಹೋಗ್ಬೇಕು. ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಕು. ಇನ್ನೊಂದ್ಸಲ."

ಇನ್ನೊಂದು ಸಲ ತೋರಿಸಿದೆ. ತೃಪ್ತರಾಗಿ, ನೋಟುಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ಗಂಟೆ ನಿಮಿಷ ಬರೆದುಕೊಂಡರು.

ವಿಷಯ ತಿಳಿದ ಆಂಟಿ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಮದುವೆ ಆದಾಗಿಂದ ನಾನು ಬಡ್ಕೊಂಡಿದ್ದು ಇವರ ಕಿವಿಗೇ ಬೀಳಲಿಲ್ಲ. ನೀನು ಹಳದಿ ರಟ್ಟು ಎತ್ತಿದ್ರೆ ತಲೆ ತಗ್ಗಿಸ್ತಾರೆ! ಮೊದಲೇ ಗೊತ್ತಿದ್ರೆ ಅರಿಶಿನದ ಡಬ್ಬಾನೇ ಎತ್ತಿ ತೋರಿಸ್ತಿದ್ದೆ."

ಇನ್ನು ಶುಕ್ರವಾರ. ಸಂಜೆ ಕಾಲೇಜಿನಿಂದ ಬರುತ್ತಿದ್ದಾಗ ಅವರ ಮನೆಯ ಕಾಂಪೌಂಡಿನೊಳಗಿಂದ ಹೊಗೆ ಏಳುತ್ತಿರುವುದನ್ನು ಕಂಡೆ. ವಾಸನೆಯ ಬಗ್ಗೆ ಸಂಶಯಕ್ಕೆ ಆಸ್ಪದವೇ ಇರಲಿಲ್ಲ, ಅಪ್ಪಟ ಸಿಗರೇಟು. ಗೇಟು ತಳ್ಳಿ ನೋಡಿದರೆ, ಹೊಗೆಯ ನಡುವೆ ಅವರು ನಿಂತಿದ್ದಾರೆ. ಕೈ ಬೆನ್ನ ಹಿಂದೆ. ಕಣ್ಣು ಕೆಂಪು. ಮುಖದಲ್ಲಿ ಸಿಕ್ಕಿಬಿದ್ದವನ ಭಾವ. ಪ್ರತ್ಯಕ್ಷ ಪ್ರಮಾಣ, ಘ್ರಾಣ ಪ್ರಮಾಣ, ಪೂರ್ವೇತಿಹಾಸ. ಮೂರೂ ಒಂದೆಡೆ ಸೇರಿದಾಗ ನನ್ನಂಥವಳಿಗೆ ನಾಲ್ಕನೆಯದರ ಅಗತ್ಯ ತೋರುವುದಿಲ್ಲ. ಇಡೀ ಬೀದಿ ಹೊರಬರುವಂತೆ ಸೀಟಿ ಊದಿದೆ. ಅವರು ಕಲಿಸಿದಂತೆಯೇ ತೋಳನ್ನು ನೆಟ್ಟಗೆ ಎತ್ತಿದೆ. ಮೊದಲು ಹಳದಿ, ಆಮೇಲೆ ಕೆಂಪು.

ಅವರು ನೋಟುಪುಸ್ತಕ ತೆಗೆದು, ಗಡಿಯಾರ ನೋಡಿ, ಬರೆದುಕೊಂಡು, ಮೈದಾನದಿಂದ ಹೊರಹಾಕಿಸಿಕೊಂಡ ಆಟಗಾರನ ಹಾಗೆ ತಲೆ ತಗ್ಗಿಸಿ ಒಳಗೆ ಹೋದರು. ನಾನು ನ್ಯಾಯ ಕಠೋರವಾದದ್ದೆಂದು ನನ್ನಷ್ಟಕ್ಕೇ ಹೇಳಿಕೊಳ್ಳುತ್ತ ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದೆ.

ಶನಿವಾರ ಬೆಳಿಗ್ಗೆ ಆಂಟಿ ನನ್ನ ಮನೆಗೆ ಬಂದರು. ಕೊತ್ತಂಬರಿ ಸೊಪ್ಪಿಗೆಂದು ಹೋದವರು, ಪೆಟ್ಟಿಗೆ ಅಂಗಡಿಯವನಿಂದ ವಿಷಯ ತಿಳಿದು ಸೊಪ್ಪನ್ನೂ ಮರೆತು ಬಂದಿದ್ದರು.

"ಏನ್ಮಾ ಮಾಡ್ಬಿಟ್ಟೆ ನೀನು? ಬೂಟಿನೊಳಗೆ ಬಚ್ಚಿಟ್ಟಿದ್ದ ಎರಡು ಪ್ಯಾಕೆಟ್ಟನ್ನ ಇವರೇ ತಂದು ನನ್ನ ಕೈಗೆ ಕೊಟ್ರು. 'ಇನ್ನೆರಡು ದಿನ ತಡೆಯೋಕಾಗ್ತಿಲ್ಲ, ಇದು ಮನೇಲಿದ್ರೆ ಸೇದ್ಬಿಡ್ತೀನಿ, ಸುಟ್ಟಾಕು' ಅಂದ್ರು. ಹಳೇ ಪೇಂಟ್ ಡಬ್ಬೀಲಿ ಹಾಕಿ ನಾನೇ ಬೆಂಕಿ ಹಚ್ದೆ. ಕುಕ್ಕರ್ ಕೂಗ್ತು ಅಂತ ಒಳಗೆ ಹೋದೆ. ಅಷ್ಟರಲ್ಲಿ ನೀನು ಬಂದು ಕೆಂಪು ತೋರಿಸಿ ಹೋಗಿದ್ದೀಯ!"

ಆಂಟಿ ಉಸಿರೆಳೆದುಕೊಂಡು ಮುಂದುವರಿಸಿದರು.

"ನೆನ್ನೆಯಿಂದ ಗಂಜೀನೂ ಸರಿಯಾಗಿ ಕುಡಿದಿಲ್ಲ. ಏನಾಯ್ತು ಅಂದ್ರೆ 'ಸೆಂಡ್ ಆಫ್ ಆಯ್ತು' ಅಂತಾರೆ, ಅಷ್ಟೇ. ಕ್ಲಬ್ಬಿಗೆ ಫೋನ್ ಮಾಡಿ ಬೇರೆ ರೆಫ್ರಿ ನೋಡ್ಕೊಳ್ಳಿ ಅಂತ ಹೇಳ್ಬಿಟ್ಟಿದ್ದಾರೆ."

ಅವರ ವ್ರತದ ಅತ್ಯುನ್ನತ ಕ್ಷಣದಲ್ಲಿ ನಾನು ಅವರನ್ನು ಹೊರಹಾಕಿದ್ದೆ. ಓಡಿದೆ. ಅವರು ಕುರ್ಚಿಯಲ್ಲಿ ಕೂತು, ಹೊಸ ಕರಿಯ ಅಂಗಿಯನ್ನು ಮಡಿಸುತ್ತಿದ್ದರು.

"ಅಂಕಲ್, ಯಾಕೆ ಹೇಳಲಿಲ್ಲ ನೀವು?"

"ರೆಫ್ರಿ ಜೊತೆ ವಾದ ಮಾಡಿದ್ರೆ ಅದಕ್ಕೂ ಒಂದು ಕಾರ್ಡಿದೆಯಮ್ಮ."

ನಾನು ವಾದ ಆರಂಭಿಸಿದೆ. ಮೊದಲನೆಯದಾಗಿ, ಸಾಂದರ್ಭಿಕ ಸಾಕ್ಷ್ಯ ದಾರಿ ತಪ್ಪಿಸುವಂಥದ್ದಾಗಿತ್ತು. ಎರಡನೆಯದಾಗಿ, ನಿಯಮದ ಆಶಯ ಹಲ್ಲಿನ ಗುಂಡಿಯ ರಕ್ಷಣೆ, ಗುಂಡಿ ಸುರಕ್ಷಿತವಾಗಿದೆ. ಮೂರನೆಯದಾಗಿ, ಆರೋಪಿಯ ಹೇಳಿಕೆ ಪಡೆಯದ ತೀರ್ಪು ಸಹಜನ್ಯಾಯಕ್ಕೆ ವಿರುದ್ಧ. ಆದ್ದರಿಂದ ಕಾರ್ಡು ತಾನಾಗಿಯೇ ಅನೂರ್ಜಿತ. ಇಷ್ಟನ್ನೂ ನ್ಯೂನತೆಯಿಲ್ಲದ ನಾಲ್ಕು ನಿಮಿಷಗಳಲ್ಲಿ ಹೇಳಿದೆ.

ಅವರು ಪ್ರತಿ ಮಾತನ್ನೂ ಅಳತೆಗೆ ಹಿಡಿದು ನೋಡುವವರಂತೆ ಕೇಳಿದರು. "ಪಾಯಿಂಟೆಲ್ಲ ಚೆನ್ನಾಗಿದೆ. ಆದ್ರೆ ಇದು ಕಾರ್ಡ್ ತಿಂದ ಟೀಮಿನ ಕ್ಯಾಪ್ಟನ್ ಆಡೋ ಮಾತು. ಕಾರ್ಡ್ ಕೊಟ್ಟ ರೆಫ್ರಿ ಎಲ್ಲಿ?"

"ಅಂದ್ರೆ?"

"ರೆಫ್ರಿ ತಪ್ಪು ಮಾಡಿದ್ರೆ ಏನಂತಾನೆ?"

"ಏನಂತಾನೆ ಅಂಕಲ್?"

ಅವರು ಅಂಗಿಯನ್ನು ಮೊಣಕಾಲ ಮೇಲಿಟ್ಟುಕೊಂಡರು. "ನನಗೂ ಗೊತ್ತಿಲ್ಲಮ್ಮ. ನಾನು ಯಾವತ್ತೂ ಅಂದಿಲ್ಲ. ಎಷ್ಟೋ ಸಲ ಮನೆಗೆ ಬಂದು ಸ್ನಾನ ಮಾಡೋವಾಗ ಗೊತ್ತಾಗಿದೆ, ಆ ಗೋಲು ಗೋಲೇ ಅಲ್ಲ ಅಂತ. ಒಂದೆರಡು ಸಲ ಅಲ್ಲೇ, ಕೈ ಎತ್ತಿದ ತಕ್ಷಣಾನೇ ಗೊತ್ತಾಗಿದೆ. ಆದ್ರೂ ಬದಲಾಯಿಸಲಿಲ್ಲ. ಒಂದ್ಸಲ ಬದಲಾಯಿಸಿದ್ರೆ ಆಮೇಲೆ ಯಾರು ಮಾತು ಕೇಳ್ತಾರೆ ಅಂತ ಭಯ."

ಅಷ್ಟು ವರ್ಷ ಯಾವ ವಾದಕ್ಕೂ ಬಗ್ಗದಿದ್ದ ಮನುಷ್ಯನ ಒಳಗೆ ಇದ್ದದ್ದು ಇದು. ನನ್ನೊಳಗೂ ಅದೇ ಇತ್ತು. ಪ್ರತಿಪಕ್ಷವನ್ನು ಖಂಡಿಸುವುದನ್ನು ನನಗೆ ಅನೇಕರು ಕಲಿಸಿದ್ದರು. ಸ್ವಪಕ್ಷವನ್ನು ಬಿಟ್ಟುಕೊಡುವ ತರಬೇತಿ ಯಾವ ಕಾಲೇಜಿನಲ್ಲೂ ಇರಲಿಲ್ಲ. ಕೊನೆಗೆ ಹೇಳಿದೆ: "ತಪ್ಪಾಯ್ತು. ನಾನು ಸರಿಯಾಗಿ ನೋಡಲಿಲ್ಲ."

"ಹಾಂ," ಎಂದರು ಅವರು, ಬಹಳ ಮೃದುವಾಗಿ. ಮರುಕ್ಷಣ ತಪಾಸಣೆಯ ಮನುಷ್ಯ ಮರಳಿ ಬಂದ. "ಆದ್ರೆ ರೂಲ್ ಪ್ರಕಾರ ಆಟ ಮತ್ತೆ ಶುರುವಾಗೋಕೆ ಮುಂಚೆ ಮಾತ್ರ ತೀರ್ಪು ಬದಲಾಯಿಸಬಹುದು. ಶುರುವಾಗಿದೆಯಾ?"

ಬಾಗಿಲಲ್ಲಿ ನಿಂತಿದ್ದ ಆಂಟಿ ಹೇಳಿದರು: "ನೆನ್ನೆಯಿಂದ ಊಟ ಮಾಡಿಲ್ಲ, ಬೀದಿಗೆ ಹೋಗಿಲ್ಲ, ನನ್ನ ಜೊತೆ ಒಂದು ಜಗಳಾನೂ ಆಡಿಲ್ಲ. ಎಲ್ಲಿ ಶುರುವಾಗಿದೆ ಆಟ?"

ಅವರು ಗಂಭೀರವಾಗಿ ಯೋಚಿಸಿ ಇದನ್ನು ಅಂಗೀಕರಿಸಿದರು. "ಸರಿ. ಆದ್ರೆ ಕಾರ್ಡ್ ಬೀದಿಗೆಲ್ಲ ತೋರ್ಸಿದ್ದೀಯ. ವಾಪಸ್ಸೂ ಬೀದಿ ಎದುರೇ ತಗೋಬೇಕು."

ಗೇಟಿನ ಬಳಿ ನಿಂತು ಸೀಟಿ ಊದಿದೆ. ಬಟ್ಟೆ ಒಣಹಾಕುತ್ತಿದ್ದವರು, ತರಕಾರಿ ಗಾಡಿಯವನು, ಪೆಟ್ಟಿಗೆ ಅಂಗಡಿಯವನು, ಎಲ್ಲರೂ ತಿರುಗಿದರು. ಅವರು ನನ್ನ ಹಿಂದೆ ಮೂರು ಹೆಜ್ಜೆ ದೂರದಲ್ಲಿ, ಕೈಕಟ್ಟಿ, ಎವೆಯಿಕ್ಕದೆ ನೋಡುತ್ತ ನಿಂತಿದ್ದರು. ನಾನು ಪೀಠಿಕೆಯಿಲ್ಲದೆ ಹೇಳಿದೆ: "ನೆನ್ನೆ ಅಂಕಲ್‌ಗೆ ಕೊಟ್ಟ ಕೆಂಪು ಕಾರ್ಡ್ ತಪ್ಪು. ಅವರು ಸೇದಿರಲಿಲ್ಲ. ನಾನು ವಿಚಾರಿಸದೆ ಕೊಟ್ಟೆ. ವಾಪಸ್ ತಗೊಂಡಿದ್ದೀನಿ."

"ಏನ್ ಗುರು ಇದು, ಲಾಯರಮ್ಮ ಸೋತ್ಬಿಟ್ರಾ?" ಎಂದ ಅಂಗಡಿಯವನು, ನಂಬಲಾರದೆ. ಯಾರೋ ನಕ್ಕರು. ತರಕಾರಿಯವನು ಚಪ್ಪಾಳೆ ತಟ್ಟಿದ. ಅರ್ಧ ನಿಮಿಷದಲ್ಲಿ ಎಲ್ಲರೂ ಅವರವರ ಕೆಲಸಕ್ಕೆ ತಿರುಗಿದರು. ನಾನು ನಿರೀಕ್ಷಿಸಿದ್ದ ಅವಮಾನ ಬರಲೇ ಇಲ್ಲ. ಅದಕ್ಕಾಗಿ ಕಾಯುತ್ತ ಒಬ್ಬಳೇ ಗೇಟಿನಲ್ಲಿ ನಿಂತಿದ್ದೆ. ಹಿಂದಿನಿಂದ ಅವರು ಕ್ಲಬ್ಬಿಗೆ ಫೋನು ಮಾಡುತ್ತಿರುವುದು ಕೇಳಿಸಿತು.

ಭಾನುವಾರ ನಮ್ಮ ಬೀದಿಯ ತಂಡಕ್ಕೂ ಕೆ.ಆರ್. ಪುರದ ತಂಡಕ್ಕೂ ಫೈನಲ್. ಕರಿಯ ಅಂಗಿಯಲ್ಲಿ ಅವರು ಮೈದಾನಕ್ಕಿಳಿದು ಮೊದಲ ಸೀಟಿ ಊದಿದಾಗ ಆಂಟಿ ಕಣ್ಣು ಮುಚ್ಚಿಕೊಂಡಿದ್ದರು. ನೋವಿರಲಿಲ್ಲ, ರಕ್ತವಿರಲಿಲ್ಲ. ಹಾಫ್ ಟೈಮಿನಲ್ಲಿ ಅವರು ನೀರು ಕುಡಿದರು, ಅಷ್ಟೇ.

ಆಟ ಮುಗಿಯಲು ಕೆಲವೇ ನಿಮಿಷ ಉಳಿದಿದ್ದಾಗ ನಮ್ಮ ತಂಡ ಗೋಲು ಹೊಡೆಯಿತು. ಅವರು ಕೈ ತೋರಿಸಿ ಗೋಲು ಕೊಟ್ಟರು. ನಮ್ಮ ಬೀದಿ ಕುಣಿಯತೊಡಗಿತು. ಕೆ.ಆರ್. ಪುರದ ಹುಡುಗರು ಮಾತ್ರ ಚೆಂಡು ಕೈಗೆ ತಾಗಿತೆಂದು ತೋಳು ತಟ್ಟಿಕೊಂಡು ಕೂಗಾಡಿದರು. ಚೆಂಡನ್ನು ಮೈದಾನದ ನಡುವೆ ತಂದಿಟ್ಟಾಯಿತು. ಇನ್ನು ಊದಿದರೆ ಆಟ ಶುರು. ಸೀಟಿ ಅವರ ತುಟಿಯಲ್ಲಿತ್ತು. ಅವರು ಊದಲಿಲ್ಲ. ಗೋಲು ಹೊಡೆದ ನಮ್ಮ ಹುಡುಗನತ್ತ ನೋಡಿದರು. ಅವನು ಇವರನ್ನು ನೋಡದೆ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಅವನ ಬಳಿಗೆ ನಡೆದು ಏನೋ ಕೇಳಿದರು. ಹುಡುಗ ತಲೆಯೆತ್ತಲಿಲ್ಲ. ಲೈನ್ಸ್‌ಮನ್ ಬಳಿ ಹೋಗಿ ಏನೋ ಕೇಳಿ ಬಂದರು. ಆಮೇಲೆ ಎರಡೂ ಕೈಗಳನ್ನು ಅಡ್ಡಡ್ಡ ಬೀಸಿದರು. ಗೋಲಿಲ್ಲ.

ನಮ್ಮ ತಂಡದ ಕ್ಯಾಪ್ಟನ್ ಓಡಿಬಂದ. ಅವರು ಪಂದ್ಯ ನಡೆಸುವುದನ್ನು ಎಳವೆಯಿಂದ ನೋಡಿ ಬೆಳೆದವನು. "ರೆಫ್ರಿ, ಇಷ್ಟ್ ವರ್ಷದಲ್ಲಿ ಕೊಟ್ಟಿದ್ದನ್ನ ಒಂದ್ಸಲಾನೂ ವಾಪಸ್ ತಗೊಂಡಿಲ್ಲ ನೀವು! ಕೊನೇ ಮ್ಯಾಚಲ್ಲಿ, ಅದೂ ನಮಗೇನಾ? ಏನಾಯ್ತು ನಿಮಗೆ ಇವತ್ತು?"

ಮೈದಾನ ಸ್ತಬ್ಧವಾಗಿತ್ತು, ಗೆರೆಯ ಆಚೆ ನಿಂತಿದ್ದ ನಮಗೂ ಅವರ ಉತ್ತರ ಕೇಳಿಸಿತು.

"ತಪ್ಪಾಯ್ತು ಮಗಾ. ಸರಿಯಾಗಿ ನೋಡಲಿಲ್ಲ ನಾನು." ಹೊಸ ಸುದ್ದಿಯೊಂದನ್ನು ಹಂಚಿಕೊಳ್ಳುವವರಂತೆ ಸೇರಿಸಿದರು: "ನೆನ್ನೆ ನಮ್ಮ ಬೀದೀಲಿ ಒಬ್ಬಳು ಹೀಗೇ ಹೇಳಿದ್ಲು ಕಣೋ, ಹಿಂದೆ ನಿಂತು ನೋಡ್ದೆ. ಏನೂ ಆಗಲ್ಲ."

ಆಮೇಲೆ ಫ್ರೀ ಕಿಕ್ಕಿನ ಜಾಗವನ್ನು ಬೆರಳಲ್ಲಿ ತೋರಿಸಿ, ಎರಡೂ ಕೆನ್ನೆ ಉಬ್ಬಿಸಿ, ಊದಿದರು.